ಜೇನುತುಪ್ಪದಂತಹ ಪದಾರ್ಥ

ಲೇಬಲ್ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಅಕ್ಷರ ಜೋಡಿಸಿದ ಆ ಮನುಷ್ಯರನ್ನು ಹೆತ್ತವರಿಟ್ಟ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಎಲ್ಲರಿಗೂ ಅವರು ಒತ್ತಕ್ಷರ. ಕೆಲಸಕ್ಕೆ ಸೇರಿದ ಮೊದಲ ವಾರ ಯಾವುದೋ ಡೈರಿಯ ಲೇಬಲ್ ಅಚ್ಚಾಗುತ್ತಿತ್ತು. ಮಷೀನಿನ ಪಕ್ಕ ಸುಮ್ಮನೆ ನಿಂತಿದ್ದ ಇವರು ಒಂದು ಹಾಳೆ ಎತ್ತಿ ನೋಡಿದರು. ‘ತಾಜಾ ಬೆಣೆ’ ಎಂದಿತ್ತು. ಣಕಾರದ ಒತ್ತು ಬಿಟ್ಟುಹೋಗಿ, ಡೈರಿಯವರು ಡಬ್ಬಿಯಲ್ಲಿ ಮರದ ತುಂಡು ಮಾರುವವರಾಗಿಬಿಟ್ಟಿದ್ದರು. “ಒತ್ತಕ್ಷರ ಎಲ್ರಯ್ಯಾ?” ಎಂದು ಇವರು ಕೂಗಿದ ಕೂಗಿಗೆ ಮಷೀನು ನಿಂತಿತು, ಹೆಸರು ಅಂಟಿಕೊಂಡಿತು.

ಕಾಲ ಬದಲಾಗಿ ಸೀಸದ ಮೊಳೆಗಳು ಗುಜರಿಗೆ ಹೋದವು, ಕಂಪ್ಯೂಟರು ಬಂತು. ಒತ್ತಕ್ಷರ ಮಾತ್ರ ಬದಲಾಗಲಿಲ್ಲ. ಕಿವಿಯ ಹಿಂದೆ ಪೆನ್ಸಿಲು, ಕುತ್ತಿಗೆಗೆ ದಾರದಲ್ಲಿ ತೂಗುವ ಭೂತಗನ್ನಡಿ. ಕ್ಷೌರದಂಗಡಿಗೆ ಹೋದರೆ ದರಪಟ್ಟಿ ತಿದ್ದುವರು, ಆಸ್ಪತ್ರೆಗೆ ಹೋದರೆ ಗೋಡೆಯ ಮೇಲಿನ ‘ಮೌನವಾಗಿರಿ’ಯಲ್ಲಿ ದೀರ್ಘ ಹುಡುಕುವರು. ಮದುವೆಗೆ ಮುಂಚೆ ತಾನು ಬರೆದ ಒಂದೇ ಒಂದು ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ ಪುಣ್ಯಾತ್ಮ ಎಂದು ಅವರ ಹೆಂಡತಿ ಇವತ್ತಿಗೂ ಬಂದವರ ಮುಂದೆ ಹೇಳಿಕೊಳ್ಳುತ್ತಾರೆ. ಹೇಳುವಾಗ ಅರ್ಧ ದೂರು, ಅರ್ಧ ಜಂಬ.

ಆದರೆ ಇಷ್ಟೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ ಈ ಮಹಾಶಯರು ನೋಡುತ್ತಿದ್ದದ್ದು ಅಕ್ಷರವನ್ನು ಮಾತ್ರ. ಆ ಅಕ್ಷರ ಹೇಳುವ ಮಾತು ನಿಜವೋ ಸುಳ್ಳೋ ಎಂಬುದು ಅವರ ಇಲಾಖೆಗೆ ಸೇರಿದ್ದಲ್ಲ. ನಲವತ್ತು ಮಷೀನು ಗುಡುಗುವ ಶೆಡ್ಡಿನಿಂದ ಹೊರಬರುವ ಬಿಸ್ಕತ್ತಿಗೆ ‘ಮನೆಯಲ್ಲೇ ಮಾಡಿದ್ದು’ ಎಂದು ಜೋಡಿಸಿದವರು ಇವರೇ. ಹಣ್ಣಿನ ಮುಖವನ್ನೇ ಕಾಣದ ಬಣ್ಣದ ನೀರಿಗೆ ‘ಹಣ್ಣಿನ ತಾಜಾತನ’ ಎಂದು ಹಾಕಿ, ‘ತಾಜಾತನ’ ಸರಿಯಾದ ಪ್ರಯೋಗವೇ ಎಂದು ಎರಡು ದಿನ ನಿದ್ದೆಗೆಟ್ಟವರೂ ಇವರೇ. ಒಬ್ಬ ಗಿರಾಕಿ ಕುಡಿಯುವ ನೀರಿನ ಬಾಟಲಿಗೆ ‘ಕೊಬ್ಬುರಹಿತ’ ಎಂದು ಹಾಕಿಸಿದ. ಒತ್ತಕ್ಷರ ಬಕಾರಕ್ಕೆ ಒತ್ತು ಬಂದಿದೆಯೇ ಎಂದು ನೋಡಿ, ತೃಪ್ತಿಯಿಂದ ಮುಂದಕ್ಕೆ ಕಳಿಸಿದರು. ಕೇಳಿದವರಿಗೆ ಅವರ ಉತ್ತರ ಸಿದ್ಧವಾಗಿತ್ತು: ಸುಳ್ಳು ಗಿರಾಕಿಯದ್ದು, ಕಾಗುಣಿತದ ತಪ್ಪು ನನ್ನದು; ನನ್ನ ಪಾಲಿನದ್ದು ಇರಬಾರದು, ಅಷ್ಟೇ.

ಅವರ ಜೀವಮಾನದ ಒಂದೇ ಒಂದು ಹಗೆ ಎಂದರೆ ‘ಅಂತಹ’ ಎಂಬ ಪದ. ನಮ್ಮಲ್ಲಿ ಯಾರೇ ಆಗಲಿ, ಮೈಕಿನ ಮುಂದೆ ನಿಂತ ತಕ್ಷಣ ನಾಲಿಗೆಗೆ ಈ ರೋಗ ಬರುತ್ತದೆ. ಕೆಳಗೆ ಕೂತಾಗ ‘ಬಂದ ಜನ’ ಎನ್ನುವವನು ಮೇಲೆ ಹತ್ತಿದರೆ ‘ಬಂದಿರತಕ್ಕಂತಹ ಜನರು’ ಎನ್ನುತ್ತಾನೆ. ಅರ್ಥ ಒಂದು ಎಳ್ಳಿನಷ್ಟೂ ಹೆಚ್ಚುವುದಿಲ್ಲ, ಗಾತ್ರ ಮಾತ್ರ ಹೆಚ್ಚುತ್ತದೆ. ಹೊಟ್ಟೆ ಮುಂದಕ್ಕೆ ಬಂದವರ ಮಾತಿಗೂ ಹೊಟ್ಟೆ ಬರಬೇಕಲ್ಲ. ಲೇಬಲಿನಲ್ಲಿ ಜಾಗ ಎರಡು ಬೆರಳು. ಅಲ್ಲಿ ಈ ಹೊಟ್ಟೆ ಹಿಡಿಸುವುದಿಲ್ಲ. ಆದ್ದರಿಂದ ಒತ್ತಕ್ಷರ ಯಾರನ್ನೂ ಕೇಳದೆ, ಬಂದ ಹಸ್ತಪ್ರತಿಗಳಿಂದೆಲ್ಲ ‘ಅಂತಹ’ವನ್ನು ಕಳೆ ಕೀಳುವಂತೆ ಕಿತ್ತುಹಾಕುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಬ್ಬ ಗಿರಾಕಿಯೂ ಅದು ಕಾಣೆಯಾದದ್ದನ್ನು ಗಮನಿಸಿರಲಿಲ್ಲ.

ಇನ್ನು ಆ ಪ್ರೆಸ್ಸಿನ ಅತಿ ದೊಡ್ಡ ಗಿರಾಕಿಯ ಬಗ್ಗೆ ಹೇಳಬೇಕು. ಜೇನಿನ ಕಾರ್ಖಾನೆಯ ಯಜಮಾನರು. ಅವರಿಗೆ ‘ಜೇನುರತ್ನ’ ಎಂಬ ಬಿರುದು ಇತ್ತು. ಕೊಟ್ಟ ಸಂಘದ ಅಧ್ಯಕ್ಷರು ಅವರೇ, ಆಯ್ಕೆ ಸಮಿತಿಯಲ್ಲಿ ಅವರ ತಮ್ಮ ಮತ್ತು ಅವರ ಡ್ರೈವರು. ಬಿರುದು ಸ್ವೀಕರಿಸುವಾಗ, ತಾವು ಇದನ್ನು ನಿರೀಕ್ಷಿಸಿಯೇ ಇರಲಿಲ್ಲ ಎಂದು ಅವರು ಕಣ್ಣೊರೆಸಿಕೊಂಡರಂತೆ. ಕಾರ್ಖಾನೆಯ ಗೇಟಿನ ಮೇಲೆ ಆಳೆತ್ತರದ ಸಿಮೆಂಟಿನ ಜೇನುನೊಣ. ಅದನ್ನು ಬಿಟ್ಟರೆ ಆ ಕಾಂಪೌಂಡಿನ ಒಳಗೆ ನೊಣ ಎಂಬುದು ಸಕ್ಕರೆ ಮೂಟೆಯ ಮೇಲೆ ಕೂರುವ ನೊಣ ಮಾತ್ರ. ಹಿಂದಿನ ಬಾಗಿಲಿಗೆ ಲಾರಿಯಲ್ಲಿ ಸಕ್ಕರೆ ಬರುತ್ತಿತ್ತು. ಮುಂದಿನ ಬಾಗಿಲಿನಿಂದ ಬಾಟಲಿಯಲ್ಲಿ ಜೇನು ಹೋಗುತ್ತಿತ್ತು. ನಡುವೆ ನಡೆಯುವುದನ್ನು ಜೇನುರತ್ನರು ‘ಸಂಶೋಧನೆ’ ಎಂದು ಕರೆಯುತ್ತಿದ್ದರು.

‘ಅಂತಹ’ದ ವಿಷಯದಲ್ಲಿ ಈ ಮನುಷ್ಯರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಮೈಕಿನ ಅಗತ್ಯವೇ ಇರಲಿಲ್ಲ. ಹೆಂಡತಿಯ ಜೊತೆ ಮಾತಾಡುವಾಗಲೂ ಭಾಷಣವೇ. ಮಳೆ ಬಂದರೆ ‘ಮಳೆಯಂತಹ ಪರಿಸ್ಥಿತಿ’, ನೆಗಡಿಯಾದರೆ ‘ನೆಗಡಿಯಂತಹ ಸಮಸ್ಯೆ’. ಊಟ ಅವರ ಬಾಯಲ್ಲಿ ಒಂದು ಕಾರ್ಯಕ್ರಮ. ಲೇಬಲಿನ ಮಾತನ್ನು ಬೇರೆ ಯಾರಿಗೂ ಬಿಡದೆ ತಾವೇ ಬರೆಯುತ್ತಿದ್ದರು, ಅದೂ ಕಾರ್ಬನ್ ಇಟ್ಟು. ಪ್ರೂಫ್ ಹೋದರೆ ಓದದೆ ರುಜು ಹಾಕುವರು. ಆ ರುಜು ಎಷ್ಟು ವಿಶಾಲವಾಗಿರುತ್ತಿತ್ತೆಂದರೆ ಅದರ ಕೆಳಗೆ ಲೇಬಲ್ ಹುಡುಕಬೇಕಾಗುತ್ತಿತ್ತು.

ಆ ವರ್ಷ ಅವರು ಹೊಸ ಬಾಟಲಿ ಹೊರಡಿಸಿದರು. ಹಸ್ತಪ್ರತಿ ಹೀಗಿತ್ತು: ‘ದಟ್ಟವಾದಂತಹ ಕಾಡಿನಿಂದ ತಂದಂತಹ ಶುದ್ಧವಾದಂತಹ ಜೇನುತುಪ್ಪದಂತಹ ಪದಾರ್ಥ.’ ಬಾಟಲಿಯ ಹಿಂಭಾಗಕ್ಕೆ: ‘ಒಳಗಿರತಕ್ಕಂತಹ ಪದಾರ್ಥ: ಮೇಲೆ ಹೇಳಿರತಕ್ಕಂತಹ ಪದಾರ್ಥ.’ ಒತ್ತಕ್ಷರ ನಿಟ್ಟುಸಿರು ಬಿಟ್ಟು ಪೆನ್ಸಿಲು ತೆಗೆದರು. ಕಾಲು ಗಂಟೆಯ ನಂತರ ಉಳಿದದ್ದು: ‘ದಟ್ಟ ಕಾಡಿನಿಂದ ತಂದ ಶುದ್ಧ ಜೇನುತುಪ್ಪ.’ ಹಿಂಭಾಗಕ್ಕೆ: ‘ಒಳಗಿರುವುದು: ಮೇಲೆ ಹೇಳಿದ್ದು.’ ಹಾಳೆಗೆ ಇಪ್ಪತ್ತನಾಲ್ಕು ಲೇಬಲಿನಂತೆ ಅಚ್ಚಾಗಿ, ಕತ್ತರಿಸಿ, ಅಂಟು ಬಳಿದು, ಊರೆಲ್ಲ ಹಂಚಿಹೋಯಿತು.

ನಾಲ್ಕು ತಿಂಗಳಾದ ಮೇಲೆ ಆಹಾರ ಇಲಾಖೆಯ ಇನ್‌ಸ್ಪೆಕ್ಟರಮ್ಮ ಒಂದು ಅಂಗಡಿಯಿಂದ ಮೂರು ಬಾಟಲಿ ಎತ್ತಿ, ಸೀಲು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂತು: ಸಕ್ಕರೆ ಪಾಕ, ಬಣ್ಣ, ಸುವಾಸನೆ. ಜೇನು ಎಂದು ಕರೆಯಬಹುದಾದದ್ದು ಏನೂ ಇಲ್ಲ. ಜೇನುರತ್ನರಿಗೆ ನೋಟಿಸು ಹೋಯಿತು: ಜನರನ್ನು ದಾರಿ ತಪ್ಪಿಸುವ ಲೇಬಲು, ವಿಚಾರಣೆಗೆ ಹಾಜರಾಗಬೇಕು.

ಇನ್‌ಸ್ಪೆಕ್ಟರಮ್ಮ ಪ್ರೆಸ್ಸಿಗೂ ಬಂದರು. ಮೂಲ ಹಸ್ತಪ್ರತಿ ಬೇಕು ಎಂದರು. ಒತ್ತಕ್ಷರ ಒಂದು ತುಂಡು ಕಾಗದವನ್ನೂ ಎಸೆದವರಲ್ಲ. ವರ್ಷವಾರು ತಂತಿಗೆ ಪೋಣಿಸಿಟ್ಟ ಕಟ್ಟಿನಿಂದ ಅದನ್ನು ತೆಗೆದುಕೊಟ್ಟರು. ಆಕೆ ಗೋಡೆಯುದ್ದಕ್ಕೂ ಅಂಟಿಸಿದ್ದ ಹಳೆಯ ಲೇಬಲುಗಳನ್ನು ಒಂದೊಂದಾಗಿ ಓದುತ್ತಾ ನಡೆದರು. ಕೊಬ್ಬುರಹಿತ ನೀರಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಒತ್ತಕ್ಷರ ಹೊಗಳಿಕೆ ಬರುತ್ತದೆಂದು ಕಾದರು.

“ಒಂದು ತಪ್ಪೂ ಇಲ್ಲ,” ಎಂದರು ಇನ್‌ಸ್ಪೆಕ್ಟರಮ್ಮ.

“ಇಲ್ಲ ಮೇಡಂ. ಮೂವತ್ತೊಂದು ವರ್ಷ.”

“ಒಂದು ನಿಜವೂ ಇಲ್ಲ.”

ಆಕೆ ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಒತ್ತಕ್ಷರ ಅವತ್ತು ಡಬ್ಬಿ ಬಿಚ್ಚಿ, ಮುಚ್ಚಳ ಹಾಕಿ, ಊಟ ಮಾಡದೆ ಕೆಲಸಕ್ಕೆ ಕೂತರಂತೆ.

ಜೇನುರತ್ನರ ವಕೀಲರು ಬುದ್ಧಿವಂತರು, ಅಂದರೆ ಕಾರ್ಬನ್ ಪ್ರತಿಯನ್ನು ಓದಿದವರು. ಇಡೀ ಕಾರ್ಖಾನೆಯಲ್ಲಿ ಯಜಮಾನರ ಬರಹವನ್ನು ಗಮನವಿಟ್ಟು ಓದಿದ ಮೊದಲ ವ್ಯಕ್ತಿ ಅವರೇ ಇರಬೇಕು. ಓದಿದವರು ಕುರ್ಚಿಯಿಂದ ಎದ್ದು ನಿಂತರು. ನಮ್ಮವರು ಜೇನುತುಪ್ಪ ಎಂದು ಬರೆದೇ ಇಲ್ಲವಲ್ಲ! ‘ಜೇನುತುಪ್ಪದಂತಹ ಪದಾರ್ಥ’ ಎಂದು ಬರೆದಿದ್ದಾರೆ. ಜೇನುತುಪ್ಪದ ಹಾಗಿರುವ ಇನ್ನೇನೋ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಹಿಂಭಾಗದಲ್ಲೂ ಅದೇ. ಅದನ್ನು ಕತ್ತರಿಸಿ, ಒಬ್ಬ ಸತ್ಯವಂತನ ಬಾಯಲ್ಲಿ ಸುಳ್ಳು ಹೇಳಿಸಿದವನು ಪ್ರೆಸ್ಸಿನ ಅಕ್ಷರ ಜೋಡಿಸುವವನು. ಈ ಸಂಗತಿ ತಿಳಿದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವರು ಜೇನುರತ್ನರೇ. ಆದರೆ ತಾನು ಸತ್ಯವಂತ ಎಂಬ ಸುದ್ದಿಯನ್ನು ನಂಬಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಜೆಯೊಳಗೆ ಅವರ ಧ್ವನಿಯಲ್ಲಿ ಅನ್ಯಾಯಕ್ಕೊಳಗಾದವನ ನಡುಕ ಬಂದಿತ್ತು.

ಮರುದಿನವೇ ಪತ್ರಿಕೆಯಲ್ಲಿ ಚೌಕಟ್ಟಿನೊಳಗೆ ಒಂದು ಪ್ರಕಟಣೆ ಬಂತು. ‘ಪ್ರೆಸ್ಸಿನ ಅಚ್ಚಿನ ದೋಷದಿಂದಾಗಿ ನಮ್ಮ ಲೇಬಲಿನಲ್ಲಿ ಒಂದು ಪದ ಬಿಟ್ಟುಹೋಗಿರುತ್ತದೆ. ಗ್ರಾಹಕರು ಗೊಂದಲಕ್ಕೊಳಗಾಗಬಾರದು.’ ಪ್ರೆಸ್ಸಿನ ಹೆಸರಿತ್ತು. ಆ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವರು ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಕ್ಷೌರಿಕ, ದರಪಟ್ಟಿಯನ್ನು ಮೂರು ಸಲ ತಿದ್ದಿಸಿಕೊಂಡಿದ್ದ ಪುಣ್ಯಾತ್ಮ, ಇವರ ಕೆನ್ನೆಗೆ ನೊರೆ ಹಚ್ಚುತ್ತಾ, “ಏನ್ ಸಾರ್, ನಿಮ್ಮ ಕೈಯಲ್ಲೂ ಆಯ್ತಂತೆ?” ಎಂದು ಕೇಳಿದ. ಬಾಯಿಗೆಲ್ಲ ನೊರೆ.

ಪ್ರೆಸ್ಸಿನ ಧಣಿ ಒಳ್ಳೆಯ ಮನುಷ್ಯ. ಒಳ್ಳೆಯತನ ದೊಡ್ಡ ಗಿರಾಕಿಗಳ ಕಡೆಗೆ ಸ್ವಲ್ಪ ಹೆಚ್ಚಾಗಿ ವಾಲಿತ್ತು ಅಷ್ಟೇ. ಅವರು ಒತ್ತಕ್ಷರರನ್ನು ಗಾಜಿನ ಕೋಣೆಗೆ ಕರೆದು, ವಕೀಲರು ತಯಾರಿಸಿದ ಹೇಳಿಕೆಯೊಂದನ್ನು ಮುಂದಿಟ್ಟರು. ‘ನನ್ನ ಕಣ್ತಪ್ಪಿನಿಂದ ಸದರಿ ಪದ ಬಿಟ್ಟುಹೋಯಿತು.’ ಒಂದು ರುಜು ಹಾಕಿದರೆ ಸಾಕು. ಅಚ್ಚಿನ ದೋಷಕ್ಕೆ ಯಾರೂ ಯಾರನ್ನೂ ಗಲ್ಲಿಗೆ ಹಾಕುವುದಿಲ್ಲ. ಜೇನುರತ್ನರು ಪಾರಾಗುತ್ತಾರೆ, ಗಿರಾಕಿ ಉಳಿಯುತ್ತಾರೆ, ಒತ್ತಕ್ಷರ ನಿವೃತ್ತಿಯವರೆಗಿನ ಎರಡು ವರ್ಷ ಅದೇ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರುತ್ತಾರೆ. ರುಜು ಹಾಕದಿದ್ದರೆ ಧಣಿಗೆ ಬೇರೆ ದಾರಿಯಿಲ್ಲ. ಇದನ್ನೆಲ್ಲ ಅವರು ನೆಲ ನೋಡುತ್ತಾ ಹೇಳಿದರು.

ಮನೆಯಲ್ಲಿ ಇನ್ನೊಂದು ಕಾಟ. ಹೆಂಡತಿಯ ತಮ್ಮ ಜೇನುರತ್ನರ ಆಫೀಸಿನಲ್ಲೇ ಗುಮಾಸ್ತ. ಅವನು ಸಂಜೆ ಒಂದು ಬಾಟಲಿ ‘ಪದಾರ್ಥ’ವನ್ನೇ ಕೈಯಲ್ಲಿ ಹಿಡಿದುಕೊಂಡು ಬಂದು ಕೂತ.

“ಭಾವ, ಒಂದು ರುಜು. ಎಲ್ಲಾ ಅವರೇ ಬರೆದಿದ್ದಾರೆ, ನೀವು ಒಂದಕ್ಷರ ಬರೀಬೇಕಾಗಿಲ್ಲ.”

“‘ಕಣ್ತಪ್ಪು’ ಅಂತ ಬರೆದಿದ್ದಾರಪ್ಪ.”

“ಹೌದು, ಅದರಲ್ಲೇನಿದೆ? ಕಾಗುಣಿತ ಸರಿಯಾಗೇ ಇದೆಯಲ್ಲ?”

ಒತ್ತಕ್ಷರ ಆ ಪ್ರಶ್ನೆಗೆ ಬೆಚ್ಚಿದವರಂತೆ ಅವನನ್ನೇ ನೋಡಿದರು. ಒಳಗಿನಿಂದ ಹೆಂಡತಿ, ಕೈ ಒರೆಸಿಕೊಳ್ಳುತ್ತಾ ಬಂದರು. “ನಿನ್ನ ಯಜಮಾನರು ಹೇಳಿದ್ದಕ್ಕೆಲ್ಲಾ ತಲೆ ಆಡಿಸೋಕೆ ನಮ್ಮ ಮನೆತನದಿಂದ ಒಬ್ಬನ್ನ ಕಳಿಸಿದೀವಲ್ಲೋ, ಸಾಲದಾ?” ಎಂದರು ತಮ್ಮನಿಗೆ. ಆಮೇಲೆ ಗಂಡನ ಕಡೆ ತಿರುಗಿ, “ರೀ, ತಪ್ಪು ಮಾಡಿದ್ರೆ ಒಪ್ಕೊಂಡ್ಬಿಡಿ. ಮಾಡಿಲ್ಲ ಅಂದ್ರೆ ಬೇಡ. ಮಾಡಿದೀರೋ ಇಲ್ವೋ, ಅದನ್ನ ಮಾತ್ರ ನನ್ನ ಕೇಳ್ಬೇಡಿ,” ಎಂದರು.

ಅಲ್ಲೇ ಇದ್ದದ್ದು ತೊಡಕು. ತಾನು ತಪ್ಪು ಮಾಡಿದ್ದೇನೋ ಇಲ್ಲವೋ, ಅದು ಒತ್ತಕ್ಷರರಿಗೂ ಗೊತ್ತಿರಲಿಲ್ಲ. ‘ದಟ್ಟವಾದಂತಹ’ದಲ್ಲಿ ಇರುವ ಅಂತಹಕ್ಕೆ ಅರ್ಥವಿಲ್ಲ, ಸರಿ. ‘ಶುದ್ಧವಾದಂತಹ’ದಲ್ಲೂ ಇಲ್ಲ. ಆದರೆ ‘ಜೇನುತುಪ್ಪದಂತಹ’? ವ್ಯಾಕರಣ ಹಿಡಿದು ನೋಡಿದರೆ ಅದಕ್ಕೆ ನಿಜವಾಗಿ ‘ಅದರ ಹಾಗಿರುವ’ ಎಂಬ ಅರ್ಥ ಇದೆಯಲ್ಲ. ಮೂರು ಕಳೆಯ ಜೊತೆ ಒಂದು ಪೈರನ್ನೂ ಕಿತ್ತೆನೇ? ಒಂದು ವಾರ ಅವರು ಸ್ನಾನ ಮಾಡುವಾಗ, ಬಸ್ಸಿನಲ್ಲಿ ನಿಂತಾಗ, ಬಾಯಲ್ಲಿ ಆ ಸಾಲನ್ನೇ ಮೆಲುಕು ಹಾಕಿದರು. ಅಷ್ಟು ಗಂಭೀರವಾಗಿ ಜೇನುರತ್ನರ ಮಾತಿನಲ್ಲಿ ಅರ್ಥ ಹುಡುಕಿದವರು ಹಿಂದೆ ಯಾರೂ ಇರಲಿಲ್ಲ, ಮುಂದೆ ಇರಲಾರರು.

ವಿಚಾರಣೆ ಇಲಾಖೆಯ ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ. ಒಂದು ಮೇಜು, ಸದ್ದು ಮಾಡುವ ಫ್ಯಾನು, ಕಿಟಕಿಯ ಗೂಡಿನಲ್ಲಿ ಸೀಲು ಹಾಕಿದ ಮೂರು ಬಾಟಲಿ. ವಿಚಾರಣಾಧಿಕಾರಿಗಳು ಜೀವಮಾನವೆಲ್ಲ ಬೇರೆಯವರ ನೆಪ ಕೇಳಿ ಕೇಳಿ ಮುಖದಲ್ಲಿ ಯಾವ ಭಾವವನ್ನೂ ಉಳಿಸಿಕೊಳ್ಳದ ಮನುಷ್ಯ. ಜೇನುರತ್ನರು ಕಡುನೀಲಿ ಕೋಟು ತೊಟ್ಟು, ಬಿರುದಿನ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು, ಸನ್ಮಾನಕ್ಕೆ ಬಂದವರಂತೆ ಕೂತಿದ್ದರು.

ವಕೀಲರು ಇಪ್ಪತ್ತು ನಿಮಿಷ ಮಾತಾಡಿದರು. ಭಾಷೆಯ ಸೂಕ್ಷ್ಮ, ಪ್ರತ್ಯಯದ ಮಹತ್ವ, ಒಂದು ಪದ ಕಿತ್ತರೆ ಒಬ್ಬ ಮನುಷ್ಯನ ಮಾನವೇ ಹೋಗುವ ದುರಂತ. ಕೊನೆಗೆ ಅಕ್ಷರ ಜೋಡಿಸುವವರನ್ನೇ ಕೇಳಬಹುದು ಎಂದು ಒತ್ತಕ್ಷರರ ಕಡೆ ಕೈ ತೋರಿಸಿದರು. ರುಜು ಹಾಕದ ಹೇಳಿಕೆ ಒತ್ತಕ್ಷರರ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿತ್ತು. ಹಿಂದಿನ ಬೆಂಚಿನಲ್ಲಿ ಧಣಿ ಕಣ್ಣು ಮುಚ್ಚಿಕೊಂಡರು.

“ಈ ಪದ ನಿಮ್ಮ ಕಣ್ತಪ್ಪಿನಿಂದ ಬಿಟ್ಟುಹೋಯ್ತಾ?” ಎಂದು ಅಧಿಕಾರಿಗಳು ಕೇಳಿದರು.

“ಇಲ್ಲ ಸ್ವಾಮಿ. ಕಣ್ತಪ್ಪು ಅಂದ್ರೆ ನೋಡದೇ ಆಗೋದು. ನಾನು ನೋಡೇ ತೆಗೆದೆ.”

ವಕೀಲರ ಮುಖ ಅರಳಿತು. ಇನ್‌ಸ್ಪೆಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಯಾರನ್ನ ಕೇಳಿ ತೆಗೆದ್ರಿ?”

“ಯಾರನ್ನೂ ಕೇಳಿಲ್ಲ. ಅವರ ಎಲ್ಲಾ ಲೇಬಲಿಂದಲೂ ತೆಗೆದಿದೀನಿ. ಅವರು ಹೇಳೋ ‘ಅಂತಹ’ಕ್ಕೆ ಅರ್ಥ ಇರಲ್ಲ ಸ್ವಾಮಿ. ಕೆಮ್ಮು ಇದ್ದ ಹಾಗೆ. ಕೆಮ್ಮನ್ನ ಅಚ್ಚು ಹಾಕೋಕೆ ಆಗಲ್ಲ.”

ವಕೀಲರು ಇದು ಅವಮಾನ ಎಂದು ಆಕ್ಷೇಪಿಸಿದರು. ಅಧಿಕಾರಿಗಳು ಆಕ್ಷೇಪವನ್ನು ಬರೆದುಕೊಂಡು, ಹಸ್ತಪ್ರತಿಯನ್ನು ಇನ್ನೊಮ್ಮೆ ಓದಿದರು. ಒಂದು ಸಾಲಿನಲ್ಲಿ ನಾಲ್ಕು ಅಂತಹ. ಮೂರಕ್ಕೆ ಅರ್ಥವಿಲ್ಲ ಎಂದು ವಕೀಲರೂ ಒಪ್ಪುವಿರಾ ಎಂದು ಕೇಳಿದರು. ವಕೀಲರು ಗತ್ಯಂತರವಿಲ್ಲದೆ ಒಪ್ಪಿದರು. ನಾಲ್ಕನೆಯದಕ್ಕೆ ಮಾತ್ರ ಅರ್ಥ ಇದೆ ಎನ್ನುವುದಾದರೆ ಬರೆದವರೇ ಹೇಳಲಿ ಎಂದು ಅಧಿಕಾರಿಗಳು ಜೇನುರತ್ನರ ಕಡೆ ತಿರುಗಿದರು. ವಕೀಲರು ತಮ್ಮ ಕಕ್ಷಿದಾರರ ಕೋಟಿನ ತೋಳು ಹಿಡಿದು ಏನೋ ಪಿಸುಗುಟ್ಟಿದರು. ಬಹುಶಃ ‘ಚಿಕ್ಕದಾಗಿ’ ಎಂದಿರಬೇಕು. ಚಿಕ್ಕದಾಗಿ ಎಂಬ ಮಾತು ಜೇನುರತ್ನರ ಕಿವಿಗೆ ಎಂದೂ ಹೋದದ್ದಲ್ಲ. ಅವರು ಎದ್ದರು, ಕೋಟಿನ ಗುಂಡಿ ಹಾಕಿಕೊಂಡರು, ಇಲ್ಲದ ಮೈಕನ್ನು ಕಣ್ಣಲ್ಲೇ ಹುಡುಕಿದರು.

“ಗೌರವಾನ್ವಿತರಾದಂತಹ ಅಧಿಕಾರಿಗಳೇ, ಈ ಸಂಸ್ಥೆಯ ಮಾಲೀಕನಾದಂತಹ ನಾನು, ಇಂದು ತಮ್ಮ ಮುಂದೆ ಸತ್ಯದಂತಹ ಮಾತನ್ನು...”

“ಸತ್ಯವೋ, ಸತ್ಯದಂತಹದೋ?”

“ಸತ್ಯವೇ ಸ್ವಾಮಿ. ಅಪ್ಪಟವಾದಂತಹ ಸತ್ಯ.” ಅವರಿಗೆ ಗಂಟಲು ಒಣಗಿತು. ಜವಾನನ ಕಡೆ ತಿರುಗಿ, “ಸ್ವಲ್ಪ ನೀರಿನಂತಹ ಪದಾರ್ಥ ಇದ್ರೆ ಕೊಡಪ್ಪ,” ಎಂದರು.

ವಕೀಲರು ಕಡತದಲ್ಲಿ ಮುಖ ಮುಚ್ಚಿಕೊಂಡರು. ಜವಾನ ಹೂಜಿಯಿಂದ ಒಂದು ಲೋಟ ನೀರು ತುಂಬಿಸಿ ತಂದುಕೊಟ್ಟ. ಜೇನುರತ್ನರು ಗಟಗಟ ಕುಡಿದರು. ಅಧಿಕಾರಿಗಳು ಅವರು ಕುಡಿದು ಮುಗಿಸುವವರೆಗೆ ಕಾದರು.

“ಏನು ಕುಡಿದ್ರಿ?”

“ನೀರು.”

“ನೀವು ಕೇಳಿದ್ದು ನೀರಿನಂತಹ ಪದಾರ್ಥ.”

“ಅದೇ ಸ್ವಾಮಿ. ನೀರು.”

“ಹಾಗಾದ್ರೆ ನೀವು ಜೇನುತುಪ್ಪದಂತಹ ಪದಾರ್ಥ ಅಂದ್ರೆ?”

ಜೇನುರತ್ನರು ಬಾಯಿ ತೆರೆದರು. ನಲವತ್ತು ವರ್ಷದ ಸಾರ್ವಜನಿಕ ಜೀವನದಲ್ಲಿ ಮೊದಲ ಸಲ ಅವರಿಗೆ ಮಾತಿಗೆ ಮುಂಚೆ ಯೋಚಿಸಬೇಕಾಗಿ ಬಂದಿತ್ತು, ಅಭ್ಯಾಸವಿಲ್ಲದ ಕೆಲಸ.

ಆದೇಶ ಎಂಟು ದಿನಕ್ಕೆ ಬಂತು. ಸಂಬಂಧಪಟ್ಟವರ ಬಳಕೆಯಲ್ಲಿ ‘ಅಂತಹ ಪದಾರ್ಥ’ ಎಂಬುದಕ್ಕೆ ಯಾವುದೇ ಅರ್ಥ ಇರುವುದಿಲ್ಲವೆಂದು ಕಣ್ಣಾರೆ ಕಂಡಿರುವುದಾಗಿಯೂ, ಲೇಬಲು ಜನರನ್ನು ದಾರಿ ತಪ್ಪಿಸಿದ್ದಾಗಿಯೂ, ಅಚ್ಚಿನಲ್ಲಿ ದೋಷವಿಲ್ಲವೆಂದೂ ಬರೆದಿತ್ತು. ದಂಡ. ಅಂಗಡಿಗಳಿಂದ ಎಲ್ಲ ಬಾಟಲಿ ವಾಪಸು. ಮಾರಬೇಕೆಂದಿದ್ದರೆ ‘ಜೇನಿನ ಸುವಾಸನೆಯ ಸಕ್ಕರೆ ಪಾಕ’ ಎಂಬ ಹೆಸರನ್ನು ಲೇಬಲಿನ ಮುಂಭಾಗದಲ್ಲಿ, ಇಷ್ಟು ಎತ್ತರಕ್ಕೆ ಕಡಿಮೆಯಿಲ್ಲದ ಅಕ್ಷರದಲ್ಲಿ, ಒಂದೇ ಗಾತ್ರದಲ್ಲಿ ಹಾಕಿ, ಹದಿನೈದು ದಿನದೊಳಗೆ ಇಲಾಖೆಗೆ ತೋರಿಸಿ ಒಪ್ಪಿಗೆ ಪಡೆಯಬೇಕು.

ಆದೇಶ ಬಂದ ಮಾರನೆಯ ಬೆಳಿಗ್ಗೆ ಧಣಿ ಒತ್ತಕ್ಷರರನ್ನು ಕರೆದು, ಇನ್ನು ಬರುವುದು ಬೇಡ ಎಂದರು. ಒತ್ತಕ್ಷರ ಭೂತಗನ್ನಡಿಯ ದಾರವನ್ನು ಸರಿಮಾಡಿಕೊಂಡು ಮನೆಗೆ ಹೋದರು. ಹೆಂಡತಿ ಬೇಳೆ ಆರಿಸಲು ಒಂದು ಮೊರ ಮುಂದಿಟ್ಟರು. ಅವರು ಭೂತಗನ್ನಡಿ ಹಿಡಿದು ಆರಿಸಿದರು. ಮಧ್ಯಾಹ್ನ ಅಡುಗೆಮನೆಯ ಡಬ್ಬಿ, ಪೊಟ್ಟಣ, ಸೀಸೆಗಳನ್ನೆಲ್ಲ ಇಳಿಸಿ ಸಾಲಾಗಿ ಇಟ್ಟುಕೊಂಡು, ಈ ಸಲ ಹಿಂಭಾಗವನ್ನು ಓದತೊಡಗಿದರು. ಅರ್ಧದಷ್ಟು ಅವರೇ ಜೋಡಿಸಿದವು. ಓದುತ್ತಾ ಹೋದಂತೆ ಕಿವಿ ಕೆಂಪಾಯಿತು ಎಂದು ಹೆಂಡತಿ ಹೇಳುತ್ತಾರೆ. ಎಲ್ಲವನ್ನೂ ಓದಿ ಮುಗಿಸಿ, “ಇಷ್ಟು ವರ್ಷ ನಾವು ಏನು ತಿಂದೆವೇ?” ಎಂದರಂತೆ.

“ನೀವು ಅಚ್ಚು ಹಾಕಿದ್ದನ್ನ,” ಎಂದರಂತೆ ಆಕೆ.

ಅತ್ತ ಪ್ರೆಸ್ಸಿನಲ್ಲಿ ಹೊಸಬರು ಲೇಬಲ್ ಜೋಡಿಸಿದರು. ಇಲಾಖೆಗೆ ಹೋದದ್ದು ‘ಸಕರೆ ಪಾಕ’; ಇನ್‌ಸ್ಪೆಕ್ಟರಮ್ಮ ವಾಪಸು ಕಳಿಸಿದರು. ಎರಡನೆಯ ಸಲ ‘ಸುವಸನೆ’. ಮೂರನೆಯ ಸಲ ಕಾಗುಣಿತ ಸರಿಯಿತ್ತು, ಆದರೆ ಜೇನುರತ್ನರು ಮಷೀನಿನ ಬಳಿ ನಿಂತು ‘ಜೇನಿನ’ ಎಂಬುದನ್ನು ದೊಡ್ಡದು ಮಾಡಿಸಿ, ಉಳಿದದ್ದನ್ನು ಅದರ ನೆರಳಿನಲ್ಲಿ ಅಡಗಿಸಿದ್ದರು. ಅದೂ ವಾಪಸು. ಹದಿನೈದರಲ್ಲಿ ಹನ್ನೊಂದು ದಿನ ಕಳೆಯಿತು. ಕಾರ್ಖಾನೆಯ ಮುಂದಿನ ಬಾಗಿಲಿನಲ್ಲಿ ಹೆಸರಿಲ್ಲದ ಬಾಟಲಿಗಳು ಬೆತ್ತಲೆಯಾಗಿ ಸಾಲುಗಟ್ಟಿ ನಿಂತವು.

ಹನ್ನೆರಡನೆಯ ದಿನ ಧಣಿ ಒತ್ತಕ್ಷರರ ಮನೆಗೆ ಬಂದು, ಕೊಟ್ಟ ಕುರ್ಚಿಯ ತುದಿಯಲ್ಲಿ ಕೂತರು. ತಪ್ಪಾಯಿತು ಎಂದು ಹೇಳಲಿಲ್ಲ. ಕೆಲಸ ಬಹಳ ಇದೆ ಎಂದರು. ಒತ್ತಕ್ಷರ ಬರುತ್ತೇನೆ ಎಂದರು, ಒಂದು ಷರತ್ತಿನ ಮೇಲೆ. ಅಚ್ಚಿನ ದೋಷ ಎಂದು ಬರೆದ ಪತ್ರಿಕೆಯಲ್ಲೇ, ಅದೇ ಪುಟದಲ್ಲಿ, ಅದೇ ಗಾತ್ರದ ಚೌಕಟ್ಟಿನಲ್ಲಿ, ಅದೇ ಜೇನುರತ್ನರ ಹೆಸರಿನಲ್ಲಿ ಇನ್ನೊಂದು ಪ್ರಕಟಣೆ ಬರಬೇಕು. ಮಾತನ್ನು ತಾನೇ ಬರೆಯುತ್ತೇನೆ. ಧಣಿ ಫೋನು ಹಿಡಿದು ಹೊರಗೆ ಹೋಗಿ ಅರ್ಧ ಗಂಟೆ ಮಾತಾಡಿ ಬೆವರೊರೆಸಿಕೊಂಡು ಬಂದರು. ಬರೆದುಕೊಡಿ ಎಂದರು.

‘ನಮ್ಮ ಲೇಬಲಿನಲ್ಲಿ ಅಚ್ಚಿನ ದೋಷವಿದೆ ಎಂದು ಪ್ರಕಟಿಸಿದ್ದೆವು. ಅಚ್ಚಿನಲ್ಲಿ ದೋಷವಿರಲಿಲ್ಲ.’

ಎರಡು ದಿನಕ್ಕೆ ಅದು ಬಂತು. ಊರಿನಲ್ಲಿ ಎಷ್ಟು ಜನ ಓದಿದರೋ ತಿಳಿಯದು. ಕ್ಷೌರಿಕ ಓದಿರಲಿಲ್ಲ, ಒತ್ತಕ್ಷರ ಗಡ್ಡ ಬೆಳೆಯದಿದ್ದರೂ ಹೋಗಿ ಕೂತು, ಪತ್ರಿಕೆಯನ್ನು ಅವನ ಮುಂದೆ ಹಿಡಿದು, ಜೋರಾಗಿ ಓದಿಸಿದರು. ಆಮೇಲೆ ನೇರ ಪ್ರೆಸ್ಸಿಗೆ ನಡೆದರು.

ಜೇನುರತ್ನರು ಆಗಲೇ ಬಂದು ಅವರ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ಎದೆಯ ಮೇಲೆ ಬಿಲ್ಲೆ ಇರಲಿಲ್ಲ. ಒತ್ತಕ್ಷರ ಅಳತೆಪಟ್ಟಿ ಇಟ್ಟುಕೊಂಡು ಆದೇಶದಲ್ಲಿದ್ದಂತೆ ಅಕ್ಷರ ಜೋಡಿಸಿದರು. ಜೇನಿನ ಸುವಾಸನೆಯ ಸಕ್ಕರೆ ಪಾಕ. ಪರದೆಯ ಮೇಲೆ ಎಲ್ಲ ಅಕ್ಷರವೂ ಸಮಸಮವಾಗಿ, ಒಂದಕ್ಕೊಂದು ಹೆದರದೆ ನಿಂತವು. ಹಿಂಭಾಗಕ್ಕೆ ಪ್ರಯೋಗಾಲಯದ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದನ್ನೂ ತಾಳೆ ನೋಡಿ, ಒಳಗೆ ಏನೇನಿದೆಯೋ ಅದನ್ನು ಹಾಕಿದರು. ಅವರ ಜೀವನದಲ್ಲಿ ವರದಿ ನೋಡಿ ಲೇಬಲ್ ಜೋಡಿಸಿದ್ದು ಅದೇ ಮೊದಲು.

ಜೇನುರತ್ನರು ಕನ್ನಡಕ ಹಾಕಿಕೊಂಡು, ತಮ್ಮ ಬಾಟಲಿಯಲ್ಲಿ ಇರುವುದನ್ನು ಅಕ್ಷರ ಅಕ್ಷರವಾಗಿ ಓದಿದರು. ಸ್ವಲ್ಪ ಚಿಕ್ಕದು ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದರು ಒತ್ತಕ್ಷರ. ಬಣ್ಣವನ್ನಾದರೂ ತಿಳಿಯಾಗಿ? ಅದೂ ಇಲ್ಲ. ಜೇನುರತ್ನರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ವಿಚಾರಣೆಯಾದಾಗಿನಿಂದ ಒತ್ತಕ್ಷರರ ಮುಂದೆ ಅವರು ಮಾತನ್ನು ಒಂದೊಂದೇ ಇಟ್ಟು ನೋಡಿ ಆಡುತ್ತಿದ್ದರು.

“ಈ ‘ಪಾಕ’ ಅನ್ನೋದು ಸ್ವಲ್ಪ ಕೀಳಾಗಿ ಕೇಳ್ಸುತ್ತೆ. ‘ಅಮೃತ’ ಅಂತ ಹಾಕ್ಬಹುದಾ?”

“ಬಾಟಲಿ ಒಳಗಿರೋದನ್ನ ನೀವು ಬದಲಾಯಿಸಿ. ಹೆಸರು ನಾನು ಬದಲಾಯಿಸ್ತೀನಿ.”

ಜೇನುರತ್ನರು ಈ ಸಲಹೆಯನ್ನು ತಳ್ಳಿಹಾಕಲಿಲ್ಲ. ಗಲ್ಲಕ್ಕೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿದರು. ನಿಜವಾದ ಜೇನು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಒತ್ತಕ್ಷರ ಹೇಳಿದರು. ಏನು ದರ ಇರಬಹುದು ಎಂದು ಕೇಳಿದರು. ಒತ್ತಕ್ಷರ ಅದನ್ನೂ ಹೇಳಿದರು.

“ಪಾಕ ಅಂತಾನೇ ಇರ್ಲಿ,” ಎಂದರು ಜೇನುರತ್ನರು.